ಈಮ್: ಒಂದು ಆಂಗ್ಲ ಗ್ರಾಮದ ಕುರುಹುಗಳು

ಒಂದು ಊರನ್ನು ಅರಿಯಬೇಕಾದರೆ ಅದರ ನೀರಿನ ಆಸರೆ, ಪ್ರಾರ್ಥನಾಸ್ಥಳ, ಎಲ್ಲೆಗಲ್ಲುಗಳನ್ನು ನೋಡಬೇಕು. ಇವು ನಿತ್ಯೋಪಯೋಗದ ಸಾಧಾರಣ ವಸ್ತುಗಳು. ಆದರೆ ಆಪತ್ಕಾಲದಲ್ಲಿ ಇವೇ ಊರವರ ಶೀಲವನ್ನು ಪರೀಕ್ಷಿಸುವ ಒರೆಗಲ್ಲುಗಳಾಗುವುವು. ಇದಕ್ಕೆ ನಿದರ್ಶನವಾಗಿ ಇಂಗ್ಲೆಂಡಿನ ಈಮ್ ಗ್ರಾಮವನ್ನು ನಾವು ಪರಿಚಯ ಮಾಡಿಕೊಳ್ಳೋಣ.

ಡರ್ಬಿಶೈರ್ ಪ್ರಾಂತದ ಬೆಟ್ಟಸೀಮೆಯಲ್ಲಿ ಈ ಊರಿದೆ. ಹಿಂದೆ ಇಲ್ಲಿಯ ಅನೇಕರಿಗೆ ಸೀಸದ ಗಣಿಯ ಕೆಲಸವೇ ಜೀವನಾಧಾರವಾಗಿತ್ತು. ಊರ ನಡುವೆ ಸಂತ ಲಾರೆನ್ಸನ ಚರ್ಚು, ಅದರ ಅಂಗಳದಲ್ಲಿ ಸುಮಾರು 8ನೆಯ ಶತಮಾನದ ಕಲ್ಲಿನ ಶಿಲುಬೆ ಇವೆ. 1588ರಲ್ಲಿಯೇ ಬೆಟ್ಟದ ಊಟೆಗಳ ನೀರನ್ನು ಕೊಳವೆಗಳಿಂದ ತಂದು ಬೀದಿಯ ಕಲ್ಲಿನ ತೊಟ್ಟಿಗಳಿಗೆ ಹರಿಸುವ ಏರ್ಪಾಡು ಇಲ್ಲಿ ನಡೆಯಿತು. ಆ ತೊಟ್ಟಿಗಳಲ್ಲಿ ಕೆಲವನ್ನು ಇಂದಿಗೂ ಕಾಣಬಹುದು.

1665ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಇಲ್ಲಿಯ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನೊಡನೆ ಪ್ಲೇಗು ಊರನ್ನು ಹೊಕ್ಕಿತೆಂದು ಪ್ರತೀತಿ. ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಮೊದಲು ಮಡಿದನು. ಮರುವರ್ಷದ ಬೇಸಗೆಯಲ್ಲಿ ರೋಗವು ಉಲ್ಬಣಿಸಿತು. ಪಾದ್ರಿ ವಿಲಿಯಂ ಮಾಂಪೆಸನ್ ಹಾಗೂ ಆ ಹುದ್ದೆಯನ್ನು ಹಿಂದೆ ತೊರೆಯಬೇಕಾಗಿ ಬಂದಿದ್ದ ತಾಮಸ್ ಸ್ಟ್ಯಾನ್ಲಿ ಮತವಿಚಾರದಲ್ಲಿ ಭಿನ್ನರು. ಆದರೂ ಇಬ್ಬರೂ ಒಂದಾಗಿ, ರೋಗವು ನೆರೆಯೂರುಗಳಿಗೆ ಹರಡದಂತೆ ಯಾರೂ ಎಲ್ಲೆಯನ್ನು ದಾಟಬಾರದೆಂದು ಜನರನ್ನು ಒಡಂಬಡಿಸಿದರು. ಇದು 1666ರ ಜೂನ್ ತಿಂಗಳ ಮಾತು.

ಅಂದಿನಿಂದ ಊರಿನ ಒಂದೊಂದು ಸ್ಥಳಕ್ಕೂ ಹೊಸ ಅರ್ಥ ಬಂದಿತು. ಸ್ಟೋನಿ ಮಿಡ್ಲ್‌ಟನ್ ಕಡೆಯ ಎಲ್ಲೆಗಲ್ಲಿನಲ್ಲಿ ಆರು ಕುಳಿಗಳಿವೆ. ಹಳ್ಳಿಗರು ಅವುಗಳಲ್ಲಿ ವಿನಿಗರ್ ತುಂಬಿ ನಾಣ್ಯಗಳನ್ನಿಟ್ಟು ಹಿಂದಿರುಗುವರು. ನೆರೆಯೂರವರು ಆಹಾರವನ್ನಿಟ್ಟು ಹಣವನ್ನು ಒಯ್ಯುವರು. ಬೆಟ್ಟದ ಮೇಲಣ, ಮಾಂಪೆಸನ್ನರ ಹೆಸರಿನ ಬುಗ್ಗೆಯ ಬಳಿಯೂ ಇದೇ ಕ್ರಮ ನಡೆಯಿತು. ಚರ್ಚಿನೊಳಗೆ ಜನ ಒತ್ತಾಗಿ ಕೂಡುವುದು ಅಪಾಯವೆಂದು ಕಕ್ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಯಲ್ಲಿ ಪ್ರಾರ್ಥನೆಗಳಾದುವು. ಸತ್ತವರನ್ನು ಮನೆಯವರೇ ತಮ್ಮ ಹೊಲಹಿತ್ತಿಲುಗಳಲ್ಲಿ ಹೂಳಿದರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನಗಳೊಳಗೆ ಪತಿಯನ್ನೂ ಆರು ಮಕ್ಕಳನ್ನೂ ತನ್ನ ಕೈಯಾರೆ ಮಣ್ಣುಮಾಡಿದಳು. ಅವರ ಸಮಾಧಿಗಳು ರೈಲಿ ಹೊಲದಲ್ಲಿವೆ. ಮಾಂಪೆಸನ್ನರು ತಮ್ಮ ಇಬ್ಬರು ಮಕ್ಕಳನ್ನು ಮೊದಲೇ ಹೊರಗೆ ಕಳುಹಿಸಿದ್ದರು. ಪತ್ನಿ ಕ್ಯಾಥರಿನ್ ಮಾತ್ರ ಜತೆಯಲ್ಲೇ ಉಳಿದು ಆಗಸ್ಟಿನಲ್ಲಿ ತೀರಿಕೊಂಡರು. ಹದಿನಾಲ್ಕು ತಿಂಗಳಲ್ಲಿ ಸುಮಾರು 260 ಮಂದಿ ಮಡಿದರು.

ರೋಗದ ನಿಜವಾದ ಕಾರಣವನ್ನು ಆಗ ಯಾರೂ ಅರಿತಿರಲಿಲ್ಲ. ಅದರ ಜೀವಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಗುರುತಿಸಿದನು. ಇಲಿಯ ಚಿಗಟಗಳು ಅದನ್ನು ಸಾಗಿಸುವುವೆಂಬುದನ್ನು 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ತೋರಿಸಿದನು. ಇದನ್ನು ತಿಳಿದ ನಾವು ವಿನಿಗರ್ ಕುಳಿಗಳನ್ನು ಕಂಡು ನಗಬಾರದು. ದೊರೆತಷ್ಟು ತಿಳಿವಳಿಕೆಯಿಂದ ಪರರಿಗೆ ಕೇಡು ತಗಲದಂತೆ ನಡೆದುದೇ ಅವರ ಹಿರಿಮೆ.

ಇಂದು ಈಮ್ ಶಾಲೆ, ಅಂಗಡಿ, ಉಪಾಹಾರಗೃಹಗಳುಳ್ಳ ನೆಮ್ಮದಿಯ ಊರು. ರೋಗದ ಕಥೆಯನ್ನು ಹೇಳುವ ವಸ್ತುಸಂಗ್ರಹಾಲಯವು 1994ರಲ್ಲಿ ತೆರೆಯಿತು. ಪ್ರತಿವರ್ಷ ಆಗಸ್ಟಿನ ಕೊನೆಯ ಭಾನುವಾರ ಜನರು ಅದೇ ಕಣಿವೆಯಲ್ಲಿ ನೆರೆದು ಮಡಿದವರನ್ನು ಸ್ಮರಿಸುವರು. 1896ರಲ್ಲಿ ಪ್ಲೇಗನ್ನು ಕಂಡ ಮುಂಬಯಿಯೂ, 2020ರಲ್ಲಿ ಬಾಗಿಲಿಕ್ಕಿಕೊಂಡು ಕುಳಿತ ನಮ್ಮೆಲ್ಲ ನಗರಗಳೂ ಈ ಸಣ್ಣ ಊರಿನಿಂದ ಕಲಿಯತಕ್ಕುದು ಉಂಟು. ನೆರೆಯವರ ಪ್ರಾಣರಕ್ಷಣೆಯು ನಮ್ಮ ಸಂಯಮದಲ್ಲಿಯೂ ಇದೆಯೆಂಬ ಪಾಠವನ್ನು ಆ ಎಲ್ಲೆಗಲ್ಲು ಇಂದಿಗೂ ಹೇಳುತ್ತಿದೆ.