ಹೊಸ ಕವಲಿಗೆ ಯಾವಾಗ ಹೊರಳಬಹುದು?

ಮೆಕ್ಸಿಕೋದ ಟುಲುಮ್ ಬಳಿಯ ಸೆನೋಟೆಯಲ್ಲಿ (ನೀರು ತುಂಬಿದ ಗುಹೆಯಲ್ಲಿ) ಡೈವ್ ಮಾಡುವಾಗ, ದಾರಿ ತೋರುವ ಮುಖ್ಯ ಹಗ್ಗದ ಪಕ್ಕ ಕಂಡ ಕತ್ತಲ ಕವಲು ನಿಮ್ಮನ್ನು ಇನ್ನೂ ಕಾಡುತ್ತಿದೆ ಎಂದು ಬರೆದಿದ್ದೀರಿ. ಹೋಗಬೇಕೋ ಬೇಡವೋ ಎಂಬುದನ್ನು ನೀರಿನೊಳಗೆ ತೀರ್ಮಾನಿಸಬೇಡಿ. ಜೊತೆಗಾರರೊಂದಿಗೆ ದಡದಲ್ಲೇ ಕೂತು ನಿರ್ಧರಿಸಿ. ಯೋಜನೆಯಲ್ಲಿಲ್ಲದ ಕವಲು ಎಷ್ಟೇ ಚೆಂದ ಕಂಡರೂ ಅವತ್ತಿಗೆ ಬೇಡ.

ಗಾಳಿಯ ಲೆಕ್ಕ ಗೊತ್ತೇ ಇದೆ: ಮೂರರಲ್ಲೊಂದು ಪಾಲು ಹೋಗಲು, ಒಂದು ಬರಲು, ಉಳಿದದ್ದು ಆಪತ್ತಿಗೆ. ಸಿಲಿಂಡರಿನಲ್ಲಿ 210 ಬಾರ್ ಇದ್ದರೆ 140ಕ್ಕೆ ತಿರುಗಬೇಕು. ಫ್ಲೋರಿಡಾದ ಬುಗ್ಗೆಗಳಲ್ಲಿ ಹರಿವೇ ನಿಮ್ಮನ್ನು ಹೊರಗೆ ತಳ್ಳುತ್ತದೆ. ಟುಲುಮ್ ಇರುವ ಯುಕಟಾನ್‌ನಲ್ಲಿ ಆ ನೆರವು ಅಷ್ಟಾಗಿ ಇಲ್ಲ. ಹಾಗಾಗಿ ಹೊಸ ಕವಲಿನಲ್ಲಿ ನಾನಾದರೆ ಇನ್ನೂ ಬೇಗ ತಿರುಗುತ್ತೇನೆ.

ಮುಖ್ಯ ಹಗ್ಗದಿಂದ ಕವಲಿನ ಹಗ್ಗಕ್ಕೆ ನಿಮ್ಮದೇ ದಾರ ಕಟ್ಟಿ. ಗಂಟಿನ ಪಕ್ಕ, ಹೊರದಾರಿಯ ಕಡೆಗೆ, ನಿಮ್ಮ ಗುರುತಿನ ಬಿಲ್ಲೆ ಸಿಕ್ಕಿಸಿ. ದೀಪ ಆರಿದರೂ ಅದು ಬೆರಳಿಗೆ ಸಿಗಬೇಕು. ಆಮೇಲೆ ಒಮ್ಮೆ ಹಿಂದೆ ನೋಡಿ. ಕೆಸರೆದ್ದು ನೀರು ರಾಗಿ ಗಂಜಿಯಂತಾಗಿದ್ದರೆ, ಗುಳ್ಳೆ ತಾಗಿ ಚಾವಣಿಯಿಂದ ಪುಡಿ ಉದುರುತ್ತಿದ್ದರೆ, ವಾಪಸಾಗಿ.

ಯಾರೂ ಹಗ್ಗವೇ ಹಾಕದ ಕವಲಿನ ಮಾತು ಬೇರೆ. ಗುಹೆ ಡೈವಿಂಗ್ ಕೋರ್ಸ್ ಮುಗಿಸಿದ ಮಾತ್ರಕ್ಕೆ ಅದಕ್ಕೆ ಕೈ ಹಾಕಬೇಡಿ.

ಜೊತೆಗಾರ ವಾಪಸಾಗೋಣ ಎಂದು ಹೆಬ್ಬೆರಳು ಎತ್ತಿದರೆ ಕಾರಣ ಕೇಳದೆ ತಿರುಗಿ. ವಿಚಾರಣೆ ದಡದಲ್ಲಿ ಮಾಡಿಕೊಳ್ಳಿ.