ಶಿಕ್ಷಾವ್ರತವೆಂಬ ಅಭ್ಯಾಸ

ಪ್ರೋಷಧೋಪವಾಸವು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡೆಡೆ ಬರುತ್ತದೆ: ಮೊದಲು ಶಿಕ್ಷಾವ್ರತವಾಗಿ, ಅನಂತರ ನಾಲ್ಕನೆಯ ಪ್ರತಿಮೆಯಾಗಿ. ಮೊದಲನೆಯದು ಅಭ್ಯಾಸ, ಎರಡನೆಯದು ತಪ್ಪದ ನಿಯಮ. ಶಿಕ್ಷೆಯೆಂದರೆ ಇಲ್ಲಿ ದಂಡನೆಯಲ್ಲ, ಕಲಿಕೆ. ಅದರ ಐದು ಅತಿಚಾರಗಳಲ್ಲಿ ಮರೆವನ್ನೂ ಎಣಿಸಿರುವ ಸಮಂತಭದ್ರಾಚಾರ್ಯರು ಗೃಹಸ್ಥನನ್ನು ಚೆನ್ನಾಗಿ ಬಲ್ಲರು.

ಬೀರೂರಿನಂತಹ ರೈಲ್ವೆ ಜಂಕ್ಷನ್ನಿನ ಊರಿನಲ್ಲಿ ವ್ಯಾಪಾರಸ್ಥನ ವ್ರತ ಕೆಡುವುದು ಹೆಚ್ಚಾಗಿ ಹಸಿವಿನಿಂದಲ್ಲ. ಗಿರಾಕಿಗಳ ಗಡಿಬಿಡಿಯಲ್ಲಿ ತಿಥಿಯೇ ಮರೆತುಹೋಗುತ್ತದೆ. ಹೊಸಬನು ಮೊದಲು ಅಷ್ಟಮಿ, ಚತುರ್ದಶಿಗಳಲ್ಲಿ ಏಕಭುಕ್ತಿಯನ್ನಷ್ಟೇ ಹಿಡಿದು ನೋಡಬೇಕು. ಅದು ರೂಢಿಯಾದ ಮೇಲೆ ಉಪವಾಸ. ಮರೆತರೆ ವ್ರತವನ್ನೇ ಬಿಡುವುದಲ್ಲ, ಮರೆತದ್ದೇಕೆಂದು ವಿಚಾರಿಸುವುದು. ಪಂಚಾಂಗವನ್ನು ಗಲ್ಲಾಪೆಟ್ಟಿಗೆಯ ಎದುರಿಗೇ ತೂಗುಹಾಕಲಿ. ಅದೂ ಸಾಲದಿದ್ದರೆ ಮನೆಯವರು ಹಿಂದಿನ ಸಂಜೆಯೇ ನೆನಪಿಸಲಿ. ತಿಂಗಳಿಗೆ ನಾಲ್ಕು ಪರ್ವಗಳಿವೆ. ಈ ಅಷ್ಟಮಿ ಕೈತಪ್ಪಿದರೆ ಚತುರ್ದಶಿಗೆ ಆರೇ ತಿಥಿ.