ಆಟಕ್ಕೂ ಇರಲಿ, ಲೆಕ್ಕಕ್ಕೂ ಇರಲಿ

ಡಿಗ್ರಿ ಕಾಲೇಜುಗಳಲ್ಲಿ ಅಡ್ಮಿಷನ್ ಮುಗಿಯುತ್ತಿದ್ದಂತೆ ದೈಹಿಕ ಶಿಕ್ಷಣ ವಿಭಾಗದ ಮೇಜಿನ ಮೇಲೆ ಡಾಕ್ಟರುಗಳ ಒಂದಷ್ಟು ಪತ್ರಗಳು ಬಂದು ಬೀಳುತ್ತವೆ. ಲೆಟರ್‌ಹೆಡ್ ಬೇರೆ ಬೇರೆ, ಒಕ್ಕಣೆ ಒಂದೇ: ‘ಈ ವಿದ್ಯಾರ್ಥಿಗೆ ದೈಹಿಕ ಚಟುವಟಿಕೆಗಳಿಂದ ವಿನಾಯಿತಿ ನೀಡುವುದು.’ ಸೆರೆಬ್ರಲ್ ಪಾಲ್ಸಿ ಇರುವವರು, ಒಂದು ಕೈ ಸ್ವಾಧೀನವಿಲ್ಲದವರು, ದೃಷ್ಟಿ ಮಂದವಾದವರು, ಚಿಕ್ಕಂದಿನಲ್ಲಿ ಹೃದಯದ ಆಪರೇಷನ್ ಆದವರು, ಆಸ್ತಮಾದವರು, ಕಬಡ್ಡಿಯಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡವರು, ಎಲ್ಲರಿಗೂ ಅದೇ ಒಂದು ಸಾಲು. ಅಪ್ಪ ಅಮ್ಮ ಪ್ರೀತಿಯಿಂದಲೇ ಬರೆಸಿರುತ್ತಾರೆ. ದೈಹಿಕ ಶಿಕ್ಷಣದ ಮೇಷ್ಟ್ರುಗಳಾದ ನಾವು ಫೈಲಿಗೆ ಸೇರಿಸುತ್ತೇವೆ. ಆ ಹುಡುಗ ಅಥವಾ ಹುಡುಗಿ ಮುಂದಿನ ಮೂರು ವರ್ಷ ಮೈದಾನದ ಅಂಚಿನ ಕಟ್ಟೆ ಮೇಲೆ ಕೂರುತ್ತಾರೆ, ಗೆಳೆಯರ ಬ್ಯಾಗು, ಮೊಬೈಲು ಕಾಯುತ್ತಾ.

ಕಾಲೇಜಿನ ಗೆಳೆತನ ಬಹುಪಾಲು ಕುದುರುವುದು ಸಂಜೆ ನಾಲ್ಕರ ನಂತರದ ಮೈದಾನದಲ್ಲಿ, ಹಾಸ್ಟೆಲ್ ಅಂಗಳದ ಶಟಲ್ ಕೋರ್ಟಿನಲ್ಲಿ. ಅಲ್ಲಿಂದ ಹೊರಗುಳಿದವರು ನಿಧಾನವಾಗಿ ಉಳಿದದ್ದರಿಂದಲೂ ಹೊರಗುಳಿಯುತ್ತಾರೆ. ಹಿನ್ನೆಲೆಯಾಗಿ ಎರಡೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಿಕಲಚೇತನ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ವ್ಯಾಯಾಮವನ್ನೇ ಹೇಳುತ್ತದೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಶಿಕ್ಷಣ ಸಂಸ್ಥೆಗಳು ಕ್ರೀಡೆ ಮತ್ತು ಮನರಂಜನೆಯಲ್ಲೂ ಉಳಿದವರಿಗೆ ಸಮನಾದ ಅವಕಾಶ ಕೊಡಬೇಕು ಎನ್ನುತ್ತದೆ. ಆಡಿಸುವುದು ಮೇಷ್ಟ್ರ ಔದಾರ್ಯವಲ್ಲ ಎಂದಾಯಿತು. ಇನ್ನು ಮಾಡಬೇಕಾದ್ದನ್ನು ನೋಡೋಣ.

ಮೊದಲು ಗಮನಿಸಿ

ಮನಸ್ಸಿಗೆ ಪೆಟ್ಟು ಬಿದ್ದಿರುವುದು ಅಳುವಿನಲ್ಲೇ ಕಾಣಬೇಕೆಂದಿಲ್ಲ. ಕ್ರೀಡಾಕೂಟದ ದಿನವೇ ಹೊಟ್ಟೆನೋವು ಬರುತ್ತದೆ. ಗ್ರೂಪ್ ಫೋಟೊ ತೆಗೆಯುವಾಗ ನೀರು ಕುಡಿಯಲು ಹೋಗಿಬಿಡುತ್ತಾರೆ. ‘ನನಗೆ ಆಟ ಅಂದ್ರೆ ಮೊದಲಿಂದಲೂ ಇಷ್ಟ ಇಲ್ಲ’ ಎನ್ನುವ ಹುಡುಗ ಮೊಬೈಲಿನಲ್ಲಿ ಕ್ರಿಕೆಟ್ ಬಿಟ್ಟು ಬೇರೇನೂ ನೋಡುವುದಿಲ್ಲ. ಇನ್ನು ಕೆಲವರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಎಲ್ಲರನ್ನೂ ನಗಿಸುತ್ತಾರೆ. ಇವರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಹೊರಗೆ ಏನೂ ಕಾಣದವರ ಪಾಡು ಇನ್ನೂ ಕಷ್ಟ. ಹೃದಯದ ತೊಂದರೆ, ಹಿಮೋಫಿಲಿಯಾ, ಒಂದೇ ಕಣ್ಣಿನ ದೃಷ್ಟಿ ಇರುವವರು ಆಟಕ್ಕೆ ಬರದಿದ್ದರೆ ಅವರಿಗೆ ಸಿಗುವ ಬಿರುದು ‘ಸೋಂಬೇರಿ’. ಗಾಯಗೊಂಡ ಆಟಗಾರರದು ಇನ್ನೊಂದು ಬಗೆ. ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟಿನ ಆಪರೇಷನ್ ಆದಮೇಲೆ ಸ್ಪರ್ಧೆಗೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಅಷ್ಟು ದಿನ ಅವರನ್ನು ಮನೆಗೆ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಟೀಮಿನ ಪ್ರಾಕ್ಟೀಸ್ ಹೊತ್ತಿಗೇ ಬರಲಿ, ಫಿಸಿಯೋಥೆರಪಿ ವ್ಯಾಯಾಮವನ್ನು ಮೈದಾನದಲ್ಲೇ ಮಾಡಲಿ.

ವಿನಾಯಿತಿ ಪತ್ರವನ್ನು ಬದಲಾಯಿಸಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಎಲ್ಲರೂ ಎಡವುವುದು ಇಲ್ಲೇ.

ಡಾಕ್ಟರ ಮುಂದೆ ಕೂತು ನೀವು ಕೇಳುವ ಪ್ರಶ್ನೆ: ‘ಇವನು ಆಟ ಆಡಬಹುದಾ ಸಾರ್?’ ಹೊರಗೆ ಓಪಿಡಿಯಲ್ಲಿ ಸಾಲುಗಟ್ಟಿ ಜನ. ಯಾವ ಆಟ, ಎಂಥ ಮೈದಾನ, ಎಷ್ಟು ಹೊತ್ತು ಎಂಬುದು ಡಾಕ್ಟರಿಗೆ ಗೊತ್ತಿಲ್ಲ. ಹೆಚ್ಚುಕಮ್ಮಿಯಾದರೆ ದೂರು ಬರುವುದು ಅವರ ಮೇಲೆಯೇ. ಸಹಜವಾಗಿ ‘ಬೇಡ ಬಿಡಿ, ಯಾಕೆ ರಿಸ್ಕು’ ಎನ್ನುತ್ತಾರೆ. ತಪ್ಪು ಅವರದಲ್ಲ, ಕೇಳಿದ ಪ್ರಶ್ನೆಯದು.

ಹೀಗೆ ಕೇಳಿ. ಯಾವ ಚಲನೆ ಮಾಡಬಾರದು? ಯಾವುದನ್ನು ಮಾಡಬಹುದು? ಒಂದು ಸಲಕ್ಕೆ ಎಷ್ಟು ಹೊತ್ತು? ಏನು ಕಂಡರೆ ತಕ್ಷಣ ನಿಲ್ಲಿಸಬೇಕು? ಮತ್ತೆ ಯಾವಾಗ ಬಂದು ತೋರಿಸಬೇಕು? ಇವನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ, ಒಳಗೆ ಹೋದಮೇಲೆ ಮರೆಯುತ್ತದೆ. ಡಾಕ್ಟರಿಗೆ ಸಮಯವಿಲ್ಲದಿದ್ದರೆ ಅದೇ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಬಳಿ ಕೂತು ಬರೆಸಿ, ಆಮೇಲೆ ಡಾಕ್ಟರ ಸಹಿ ಹಾಕಿಸಿ. ದೊಡ್ಡ ಮೆಡಿಕಲ್ ಕಾಲೇಜುಗಳಲ್ಲಿ ಪುನಶ್ಚೇತನಕ್ಕೆಂದೇ ಪಿಎಂಆರ್ ಎಂಬ ವಿಭಾಗವಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎಡಗಾಲಿಗೆ ಕ್ಯಾಲಿಪರ್ ಹಾಕುವ ವಿದ್ಯಾರ್ಥಿಯ ಪತ್ರ ಹೀಗಿರಬಹುದು: ‘ನೆಗೆಯುವುದು, ಓಡುತ್ತಾ ಗಕ್ಕನೆ ತಿರುಗುವುದು ಬೇಡ. ಕುಳಿತು ಎಸೆಯಬಹುದು, ಈಜಬಹುದು, ಟೇಬಲ್ ಟೆನಿಸ್ ಆಡಬಹುದು. 20 ನಿಮಿಷಕ್ಕೊಮ್ಮೆ ವಿಶ್ರಾಂತಿ. ಮೊಣಕಾಲು ಊದಿಕೊಂಡರೆ, ಕ್ಯಾಲಿಪರ್ ಪಟ್ಟಿ ತಾಗುವಲ್ಲಿ ಚರ್ಮ ಕೆಂಪಾದರೆ ನಿಲ್ಲಿಸಬೇಕು. ಆರು ತಿಂಗಳ ನಂತರ ಮರುಪರೀಕ್ಷೆ.’ ಐದಾರು ಸಾಲು ಅಷ್ಟೇ. ಆದರೆ ಇದು ಕೈಗೆ ಬಂದ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಹೆದರಿಕೆ ಹೋಗುತ್ತದೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಜನ ಮಕ್ಕಳನ್ನು ಕೂರಿಸುವುದು ತಾತ್ಸಾರದಿಂದಲ್ಲ, ಹೆದರಿಕೆಯಿಂದ.

ಕೊನೆಯ ಸಾಲನ್ನು, ಅಂದರೆ ಮರುಪರೀಕ್ಷೆಯ ಅವಧಿಯನ್ನು, ಬಿಡಲೇಬೇಡಿ. ಎಂಟನೇ ಕ್ಲಾಸಿನಲ್ಲಿ ಬರೆಸಿದ ಪತ್ರದ ಜೆರಾಕ್ಸು ಪಿಯುಸಿ ದಾಟಿ ಬಿ.ಕಾಂ. ಎರಡನೇ ವರ್ಷದವರೆಗೂ ಬರುವುದನ್ನು ನೋಡಿದ್ದೇನೆ. ಹೃದಯದ ರಂಧ್ರ ಚಿಕ್ಕಂದಿನಲ್ಲೇ ಮುಚ್ಚಿ, ಈಗ ಎಲ್ಲರಂತೆ ಆಡಲು ಅಡ್ಡಿಯಿಲ್ಲದವರೂ ಅದೇ ಹಳೆಯ ಪತ್ರ ಹಿಡಿದು ಕೂತಿರುತ್ತಾರೆ. ಮತ್ತೊಮ್ಮೆ ಕೇಳಿದವರೇ ಇಲ್ಲ. ಡಾಕ್ಟರು ನಿಜವಾಗಿಯೂ ‘ಸದ್ಯಕ್ಕೆ ಏನೂ ಬೇಡ’ ಎಂದರೆ ಒಪ್ಪಿಕೊಳ್ಳಿ. ಆದರೆ ‘ಸದ್ಯಕ್ಕೆ’ ಎಂದರೆ ಯಾವ ತಿಂಗಳವರೆಗೆ ಎಂದು ಬರೆಸಿಕೊಂಡೇ ಎದ್ದು ಬನ್ನಿ.

ತಂದೆತಾಯಿಗಳಲ್ಲಿ ಇನ್ನೊಂದು ಅಳುಕಿದೆ, ಬಾಯಿಬಿಟ್ಟು ಹೇಳುವುದಿಲ್ಲ: ‘ಮಗ ಆಟ ಆಡಿದ್ದು ಗೊತ್ತಾದ್ರೆ ಪರ್ಸೆಂಟೇಜ್ ಕಮ್ಮಿ ಮಾಡಿ ಪಿಂಚಣಿ ನಿಲ್ಲಿಸ್ತಾರೆ.’ ಅಂಗವೈಕಲ್ಯದ ಪ್ರಮಾಣ ನಿಗದಿಯಾಗುವುದು ದೇಹದ ವೈದ್ಯಕೀಯ ಪರೀಕ್ಷೆಯಿಂದ. ಸಂಜೆ ಯಾರು ಏನು ಆಡಿದರು ಎಂಬುದರಿಂದಲ್ಲ. ಈ ಭಯಕ್ಕೆ ಮಕ್ಕಳ ಮೂರು ವರ್ಷ ಬಲಿ ಕೊಡಬೇಡಿ.

ಮೇಷ್ಟ್ರ ಹತ್ತಿರ ಮಾತಾಡುವಾಗ

ಇದು ವಿದ್ಯಾರ್ಥಿಗಳಿಗೆ. ಒಬ್ಬರೇ ಹೋಗಿ, ಗುಂಪಿನಲ್ಲಿ ಬೇಡ. ಪತ್ರ ಕೊಟ್ಟು ನೇರವಾಗಿ ಹೇಳಿ: ‘ಸಾರ್, ವಾರಕ್ಕೆ ಎರಡು ದಿನ ಏನಾದರೂ ಆಡಬೇಕು ಅಂತಿದೀನಿ. ಸ್ಕೋರ್ ಬರೆಯೋಕೆ ಮಾತ್ರ ಹಾಕ್ಬೇಡಿ.’ ಸ್ಕೋರ್ ಬರೆಯುವುದು, ನೀರಿನ ಬಾಟಲಿ ಹಂಚುವುದು, ಮೈಕಿನಲ್ಲಿ ಹೆಸರು ಕೂಗುವುದು ಕೀಳು ಕೆಲಸವೇನಲ್ಲ. ಆದರೆ ಅದು ಯಾವಾಗಲೂ ಅದೇ ಹುಡುಗನ ಪಾಲಿಗೆ ಬಂದರೆ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚೆಸ್, ಕೇರಂ ಕೊಟ್ಟು ಕೂರಿಸುವುದೂ ಹೀಗೆಯೇ. ಚೆಸ್ ಅವರಿಗೆ ಇಷ್ಟವಿದ್ದರೆ ಸಂತೋಷ. ಕಾಲಿಗೆ ತೊಂದರೆ ಎಂಬ ಒಂದೇ ಕಾರಣಕ್ಕೆ ಚೆಸ್ ಬೋರ್ಡ್ ಮುಂದಿಡಬೇಡಿ.

ಸಹೋದ್ಯೋಗಿಗಳಿಗೆ ಒಂದು ಮಾತು. ವಿಶ್ವ ವಿಕಲಚೇತನರ ದಿನವಾದ ಡಿಸೆಂಬರ್ 3ರಂದು ಒಬ್ಬ ಹುಡುಗಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಡಿಸೆಂಬರ್ 4ರಂದು ಮತ್ತೆ ಕಟ್ಟೆ ಮೇಲೆ ಕೂರಿಸುವ ಪದ್ಧತಿ ನಿಲ್ಲಬೇಕು. ಪ್ಯಾರಾಲಿಂಪಿಕ್ಸ್ ಹೆಸರು ಹೇಳಿ ಹುರಿದುಂಬಿಸುವುದಕ್ಕೂ ಮಿತಿ ಇರಲಿ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಹೈಜಂಪ್‌ನಲ್ಲಿ ಬೆಳ್ಳಿ ಗೆದ್ದ ಗಿರೀಶ ಹಾಸನ ಜಿಲ್ಲೆಯವರು. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಹಾಸನದಲ್ಲಿ ಹುಟ್ಟಿದವರು. ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಓಟಗಾರ್ತಿ ರಕ್ಷಿತಾ ರಾಜು ಚಿಕ್ಕಮಗಳೂರಿನವರು. ಹೆಮ್ಮೆಯ ವಿಷಯವೇ. ಆದರೆ ಸಂಜೆ ಗೆಳೆಯರ ಜೊತೆ ಒಂದು ಗಂಟೆ ಆಡಬೇಕು ಎಂದು ಬಂದವನಿಗೆ ‘ನೀನೂ ಅವರಂತೆ ಪದಕ ತರಬೇಕಪ್ಪ’ ಎಂದರೆ ಬಂದದ್ದೇ ತಪ್ಪಾಯಿತು ಅನ್ನಿಸುತ್ತದೆ. ಗಲ್ಲಿ ಕ್ರಿಕೆಟ್ ಆಡುವ ಎಲ್ಲ ಹುಡುಗರಿಗೂ ನಾವು ರಣಜಿ ಟ್ರೋಫಿ ನೆನಪಿಸುವುದಿಲ್ಲವಲ್ಲ.

ಕೂತು ಆಡುವ ವಾಲಿಬಾಲ್

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಸಿಟ್ಟಿಂಗ್ ವಾಲಿಬಾಲ್. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ಬಲೆಯ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05 ಮೀಟರ್. ಕಾಲೇಜಿನ ಕಬಡ್ಡಿ ಮ್ಯಾಟ್ ಮೇಲೆ ಈ ಅಂಕಣ ಸಲೀಸಾಗಿ ಹಿಡಿಯುತ್ತದೆ; ಮ್ಯಾಟ್ ಇಲ್ಲದಿದ್ದರೆ ಸಭಾಂಗಣದ ನುಣ್ಣನೆಯ ನೆಲ ಆದೀತು. ಸಿಮೆಂಟ್ ಅಂಗಳ, ಮಣ್ಣಿನ ನೆಲ ಬೇಡ, ಚರ್ಮ ಕಿತ್ತುಬರುತ್ತದೆ. ತಂಡಕ್ಕೆ ಆರು ಜನ. ಚೆಂಡು ಮುಟ್ಟುವಾಗ ಪೃಷ್ಠ ನೆಲ ಬಿಡಬಾರದು ಎಂಬುದೇ ಮುಖ್ಯ ನಿಯಮ.

ಇಲ್ಲಿ ಎಲ್ಲರೂ ಕೂರಬೇಕು, ಕಾಲೇಜ್ ಟೀಮಿನ ಸ್ಮ್ಯಾಷರ್ ಕೂಡ. ಕಾಲಿನ ಬಲದಲ್ಲೇ ಆಡಿ ರೂಢಿಯಾದವರು ಮೊದಲ ದಿನ ಅಂಗೈ ಊರಿ ಜರುಗಲು ತಿಣುಕಾಡುತ್ತಾರೆ. ತೆವಳಿ, ಕೈಯೂರಿ ಓಡಾಡಿ ಬೆಳೆದ ಹುಡುಗ ಅವರಿಗಿಂತ ಮೊದಲೇ ಚೆಂಡಿನ ಬುಡಕ್ಕೆ ಹೋಗಿರುತ್ತಾನೆ. ‘ಏಯ್, ಅದು ಹೆಂಗ್ ಜರುಗ್ತೀಯೋ, ತೋರಿಸೋ’ ಎಂದು ಟೀಮಿನವರೇ ಕೇಳಲು ಶುರುಮಾಡುತ್ತಾರೆ. ಹತ್ತು ಕೌನ್ಸೆಲಿಂಗ್ ಮಾಡದ ಕೆಲಸವನ್ನು ಈ ಪ್ರಶ್ನೆ ಮಾಡುತ್ತದೆ ಎಂಬುದು ನನ್ನ ಅನುಭವ, ಮನಶ್ಶಾಸ್ತ್ರಜ್ಞರು ಒಪ್ಪದಿರಬಹುದು.

ಇನ್ನು ಬೇರೆ ಆಟಗಳು. ದೃಷ್ಟಿ ಇಲ್ಲದವರಿಗೆ ಸದ್ದು ಮಾಡುವ ಚೆಂಡು ಬೇಕು. ತಕ್ಷಣಕ್ಕೆ ಸಿಗದಿದ್ದರೆ ಮಾಮೂಲಿ ಚೆಂಡನ್ನು ಪರಪರ ಎನ್ನುವ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಉರುಳಿಸಿ. ಓಡುವವರ ಜೊತೆಗಾರ ಪಕ್ಕದಲ್ಲೇ ಓಡಬೇಕು, ಇಬ್ಬರ ಕೈಯಲ್ಲೂ ಒಂದು ಗಿಡ್ಡ ಹಗ್ಗ. ಅದನ್ನು ಹಿಡಿದು ಎಳೆಯುವಂತಿಲ್ಲ. ಕುಳಿತು ಗುಂಡು ಎಸೆಯುವವರಿಗೆ ಪ್ಲಾಸ್ಟಿಕ್ ಕುರ್ಚಿ ಕೊಡಬೇಡಿ, ಎಸೆದ ರಭಸಕ್ಕೆ ಮಗುಚುತ್ತದೆ. ಭಾರದ ಕಬ್ಬಿಣದ ಕುರ್ಚಿಯನ್ನು ಗೂಟಕ್ಕೆ ಕಟ್ಟಿ.

ಎರಡು ಎಚ್ಚರಿಕೆ. ಕಾಲಿನಲ್ಲಿ ಸ್ಪರ್ಶಜ್ಞಾನ ಇಲ್ಲದವರು ದಪ್ಪ ಪ್ಯಾಂಟ್ ಹಾಕಿ ಆಡಬೇಕು, ಮುಗಿದ ಮೇಲೆ ಪಾದ, ಮೊಣಕಾಲು, ಪೃಷ್ಠದಲ್ಲಿ ಗಾಯವಾಗಿದೆಯೇ ಎಂದು ನೋಡಿಕೊಳ್ಳಬೇಕು. ನೋವು ಗೊತ್ತಾಗದ್ದರಿಂದ ಸಣ್ಣ ಗಾಯವೇ ದೊಡ್ಡದಾಗುತ್ತದೆ. ಬೆನ್ನುಹುರಿಗೆ ಎತ್ತರದಲ್ಲಿ, ಅಂದರೆ ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಮಟ್ಟದಲ್ಲಿ ಪೆಟ್ಟಾದವರಿಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಆಡಿಸಬೇಡಿ. ಅವರಿಗೆ ಇದ್ದಕ್ಕಿದ್ದಂತೆ ಸಿಡಿಯುವ ತಲೆನೋವು ಬಂದು ಮುಖ ಕೆಂಪಾದರೆ ನೆಟ್ಟಗೆ ಕೂರಿಸಿ, ಮೂತ್ರದ ಕ್ಯಾತಿಟರ್ ಕೊಳವೆ ಇದ್ದರೆ ಅದು ಮಡಿಚಿಕೊಂಡಿದೆಯೇ ನೋಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆಟದಿಂದ ಆಗದಿದ್ದರೆ

ಆಟ ಔಷಧಿಗೆ ಬದಲಿಯಲ್ಲ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಇಷ್ಟವಾಗುತ್ತಿದ್ದದ್ದೂ ಬೇಡವಾದರೆ ಸಹಾಯ ಪಡೆಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ, ನಿಮ್ಮ ತಾಲ್ಲೂಕಿನ ಸರದಿ ಯಾವಾಗ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಎರಡು ವಾರ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ; ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸ್ಪರ್ಧೆಗೆ ಹೋಗುವವರಿಗೆ

ಜಾಗ ಮುಗಿಯುತ್ತಿದೆ, ಚುಟುಕಾಗಿ ಹೇಳುತ್ತೇನೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ತಾಲ್ಲೂಕಿನ ಎಂಆರ್‌ಡಬ್ಲ್ಯು, ಊರಿನ ವಿಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಕಾರ್ಡಿನ ಶೇಕಡಾವಾರು ಬೇರೆ, ಕ್ರೀಡಾ ವರ್ಗೀಕರಣ ಬೇರೆ. ಅಥ್ಲೆಟಿಕ್ಸ್‌ನಲ್ಲಿ ಟಿ ಎಂದರೆ ಟ್ರ್ಯಾಕ್, ಎಫ್ ಎಂದರೆ ಫೀಲ್ಡ್, ಮುಂದಿನ ಅಂಕಿ ನ್ಯೂನತೆಯ ಬಗೆಗೆ. 11ರಿಂದ 13 ದೃಷ್ಟಿದೋಷದವರಿಗೆ. ವರ್ಗೀಕರಣಕ್ಕೆ ಹೋಗುವಾಗ ಹಳೆಯ ಎಕ್ಸ್‌ರೇ, ವರದಿ ಎಲ್ಲ ಒಯ್ಯಿರಿ. ಕಿವುಡರ ಕ್ರೀಡಾಕೂಟಗಳು ಪ್ರತ್ಯೇಕ, ಅವು ಡೆಫ್‌ಲಿಂಪಿಕ್ಸ್ ಕಡೆಗೆ ಹೋಗುವ ದಾರಿ. ಖೇಲೊ ಇಂಡಿಯಾ ಪ್ಯಾರಾ ಗೇಮ್ಸ್ 2023ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಶುರುವಾಗಿದೆ, ಅದರ ಆಯ್ಕೆಯ ಸುದ್ದಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲೂ ಕ್ರೀಡಾ ಇಲಾಖೆಯಲ್ಲೂ ಕೇಳುತ್ತಿರಿ. ಕಾಲೇಜು ಅವಕಾಶವನ್ನೇ ಕೊಡದಿದ್ದರೆ ಪ್ರಿನ್ಸಿಪಾಲರಿಗೆ ಲಿಖಿತ ಮನವಿ, ಅಲ್ಲೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು. ಎರಡಕ್ಕೂ ಸ್ವೀಕೃತಿ ಪಡೆದುಕೊಳ್ಳಿ.